ಚಿಪ್ಪಿನ ಇದ್ದಿಲಿನೊಳಗಿನ ನೀರು

ಜೂನ್ ೧೬, ಸೋಮವಾರ. ತಾಳೆಬೀಜದ ಚಿಪ್ಪು, ಹನ್ನೆರಡು ಚೀಲ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬಂತು. ಎರಡು ಚೀಲದ ತಳ ಒದ್ದೆ.

ನನ್ನ ನೋಟ್‌ಪುಸ್ತಕದಲ್ಲಿ ಈ ಕೆಲಸದ ಮೊದಲ ಸಾಲು ಇದು. ಚೀಲಗಳು ಬಂದದ್ದು ಭದ್ರಾವತಿ ಕಡೆಯ ಒಂದು ಸಣ್ಣ ತಾಳೆ ಎಣ್ಣೆ ಗಿರಣಿಯಿಂದ. ನಾಲೆ ನೀರಿನ ಗದ್ದೆಗಳಲ್ಲಿ ಕೆಲವರು ಭತ್ತ ಬಿಟ್ಟು ಎಣ್ಣೆತಾಳೆ ಹಾಕಿದ್ದಾರೆ. ಅವರ ಗೊನೆಗಳು ಈ ಗಿರಣಿಗೆ ಬರುತ್ತವೆ. ಎಣ್ಣೆ ಹಿಂಡಿದ ಮೇಲೆ ಹಣ್ಣು ಕಳಚಿದ ಖಾಲಿ ಗೊನೆ, ನಾರು, ಬೀಜದ ಚಿಪ್ಪು ಉಳಿಯುತ್ತವೆ. ಸ್ವಲ್ಪ ಬಾಯ್ಲರಿಗೆ ಹೋಗುತ್ತದೆ. ಮಿಕ್ಕಿದ್ದು ಗಿರಣಿಯ ಹಿಂದೆ ಗುಡ್ಡೆ ಬಿದ್ದು ಕೊಳೆಯುತ್ತದೆ. ಮಳೆಗಾಲದಲ್ಲಿ ಅದರ ಹುಳಿವಾಸನೆ ರಸ್ತೆಯವರೆಗೂ ಬರುತ್ತದೆ.

ನಾನು ಕೆಲಸ ಮಾಡುವುದು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಒಂದು ಫೌಂಡ್ರಿಯ ಪ್ರಯೋಗಾಲಯದಲ್ಲಿ. ಅಲ್ಲಿ ನೀರೆತ್ತುವ ಪಂಪಿನ ಕವಚಗಳನ್ನು ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುತ್ತೇವೆ. ಅಚ್ಚು ಮಾಡುವುದು ಮರಳಿನಿಂದ. ಮರಳಿಗೆ ಜೇಡಿಪುಡಿ, ನೀರು, ಜೊತೆಗೆ ಕಲ್ಲಿದ್ದಲಿನ ಪುಡಿ ಬೆರೆಸಬೇಕು. ಕರಗಿದ ಕಬ್ಬಿಣ ಬಿದ್ದಾಗ ಕಲ್ಲಿದ್ದಲು ಹೊಗೆಯಾಗಿ, ಕಬ್ಬಿಣಕ್ಕೂ ಮರಳಿಗೂ ನಡುವೆ ತೆಳ್ಳಗೆ ಮಸಿಯ ಪದರ ಕಟ್ಟುತ್ತದೆ. ಅದಿಲ್ಲದಿದ್ದರೆ ಮರಳು ಎರಕಕ್ಕೆ ಕಚ್ಚಿಕೊಳ್ಳುತ್ತದೆ. ಈ ಕಲ್ಲಿದ್ದಲು ಎಲ್ಲಿಂದಲೋ ಲಾರಿಯಲ್ಲಿ ಬರಬೇಕು. ಅದರ ಬದಲು ಹದಿನೈದು ಕಿಲೋಮೀಟರ್ ದೂರದಲ್ಲಿ ಕೊಳೆಯುತ್ತಿರುವ ಚಿಪ್ಪನ್ನೇ ಸುಟ್ಟು ಪುಡಿ ಮಾಡಿ ಹಾಕಿದರೆ? ಸಲಹೆ ನನ್ನದು. ಮಾಲೀಕರು ಆರು ವಾರ ಕೊಟ್ಟರು.

ಮೊದಲ ಹದಿನೈದು ದಿನದಲ್ಲಿ ಎರಡು ಸಲ ಎಡವಿದೆವು. ಗಿರಣಿಯವರು ನಮಗೆ ಚಿಪ್ಪು ಕೊಟ್ಟ ಉತ್ಸಾಹದಲ್ಲಿ ಬಾಯ್ಲರಿಗೆ ಸೌದೆ ಹಾಕಲು ಶುರುಮಾಡಿದ್ದರು. ಹಿತ್ತಿಲಲ್ಲಿ ಎರಡು ಟ್ರ್ಯಾಕ್ಟರ್ ಸೌದೆ ಎಣಿಸಿ ಬಂದೆ. ಕಸ ಉಳಿಸಲು ಮರ ಸುಟ್ಟರೆ ಯಾರಿಗೆ ಲಾಭ? ಖಾಲಿ ಗೊನೆಗಳನ್ನು ಸೀಳಿ, ಹಿಂಡಿ, ಬಾಯ್ಲರಿನ ಬಿಸಿಗೇ ಒಣಗಿಸಿ ಉರಿಸುವುದು, ಅದಾದ ಮೇಲೆ ಮಿಕ್ಕಿದ ಚಿಪ್ಪು ಮಾತ್ರ ನಮಗೆ ಎಂದು ಮಾತಾಯಿತು. ಎರಡನೆಯದು, ನಮಗೆ ಚಿಪ್ಪು ಸುಟ್ಟುಕೊಡುವ ಇದ್ದಿಲು ಭಟ್ಟಿಯ ತಪ್ಪು. ಚಿಪ್ಪನ್ನು ಪೂರ್ತಿ ಇದ್ದಿಲು ಮಾಡಿದ್ದರಿಂದ ಅದರಲ್ಲಿ ಹೊಗೆಯೇ ಉಳಿದಿರಲಿಲ್ಲ. ಎರಕ ಹಲಸಿನ ಸಿಪ್ಪೆಯ ಹಾಗೆ ಬಂತು. ಆಮೇಲೆ ಅರೆ ಬೆಂದಾಗಲೇ ಡ್ರಮ್ಮಿನ ಬಾಯಿ ಮುಚ್ಚಿ, ಸುತ್ತ ಮಣ್ಣು ಮೆತ್ತಿ, ಎರಡು ದಿನ ಹಾಗೇ ಆರಲು ಬಿಡುವುದನ್ನು ಭಟ್ಟಿಯವರು ರೂಢಿಸಿಕೊಂಡರು.

ಜುಲೈ ೧ಕ್ಕೆ ಇಪ್ಪತ್ತು ಅಚ್ಚು, ಹತ್ತೊಂಬತ್ತು ಚೆನ್ನ. ಜುಲೈ ೪ಕ್ಕೆ ಇಪ್ಪತ್ತು, ಇಪ್ಪತ್ತೂ ಚೆನ್ನ.

ಎರಡೂ ಸಲ ಅಚ್ಚು ಹಾಕಿದ್ದು ನಮ್ಮ ಹಿರಿಯ ಮೇಸ್ತ್ರಿ. ಅವರ ತಾತ ಭದ್ರಾವತಿಗೆ ಕಬ್ಬಿಣದ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರಂತೆ. ಮೇಸ್ತ್ರಿ ಮೂವತ್ತು ವರ್ಷದಿಂದ ಅಚ್ಚಿನ ಮರಳಿನಲ್ಲೇ ಇದ್ದಾರೆ. ಮರಳಿನ ಹದ ನೋಡುವುದು ಮುಷ್ಟಿಯಲ್ಲಿ: ಒಂದು ಹಿಡಿ ಹಿಸುಕಿ, ಉಂಡೆಯನ್ನು ಎರಡು ಬೆರಳಲ್ಲಿ ಮುರಿದು, ಮುರಿದ ಅಂಚು ನೋಡುತ್ತಾರೆ. ಕಲಸುಯಂತ್ರದ ಪಕ್ಕ ಅವರದೊಂದು ಪ್ಲಾಸ್ಟಿಕ್ ಮಗ್ ಇರುತ್ತದೆ. ನೀರಿನ ಮೀಟರ್ ಇದ್ದರೂ ಕೊನೆಯ ನೀರು ಆ ಮಗ್ಗಿನದೇ.

ನನ್ನ ಪುಡಿಯ ಚೀಲ ಬಿಚ್ಚಿದ ದಿನ ಅವರು ಮೂಗಿಗೆ ಹಿಡಿದು ಕೇಳಿದ್ದರು, "ಮೇಡಂ, ಕಾಫಿಪುಡಿ ಏನೋ ಜೋರಾಗೇ ಹುರಿದಿದ್ದೀರಿ. ಚಿಕೋರಿ ಎಷ್ಟು ಹಾಕಿದ್ರಿ?"

"ಚಿಕೋರಿ ಇಲ್ಲ ಮೇಸ್ತ್ರಿ, ಪ್ಯೂರ್."

"ಹಂಗಾದ್ರೆ ಕಬ್ಬಿಣಕ್ಕೆ ನಿದ್ದೆ ಬರಲ್ಲ ಬಿಡಿ."

ಅವರಿಗೆ ನಾನೊಂದು ಷರತ್ತು ಹಾಕಿದ್ದೆ. ಟ್ರಯಲ್ ಮುಗಿಯುವವರೆಗೆ ಕೈಯಳತೆ ಇಲ್ಲ. ಇದ್ದಿಲಿನಲ್ಲಿ ಎಷ್ಟು ತೇವ ಇದೆ ಎಂದು ನಾನು ಅಳೆದು, ಅಷ್ಟನ್ನು ಕಳೆದು, ಎಷ್ಟು ನೀರೆಂದು ಚಾರ್ಟಿನಲ್ಲಿ ಬರೆಯುತ್ತೇನೆ. ಅವರು ಅಷ್ಟೇ ಹಾಕಬೇಕು. ಅವರು ನಕ್ಕು ಒಪ್ಪಿದ್ದರು.

ದೊಡ್ಡ ಟ್ರಯಲ್ ಜುಲೈ ೧೦, ಗುರುವಾರಕ್ಕೆ ನಿಂತಿತು. ಅರವತ್ತು ಅಚ್ಚು. ಮೊದಲು ಮುಂದಿನ ವಾರ ಎಂದಿತ್ತು. ಪಂಪ್ ಕೊಳ್ಳುವ ಕಂಪನಿಯವರು ಶುಕ್ರವಾರ ಬರುತ್ತಾರೆಂದು ತಿಳಿದು, ಅವರಿಗೆ ತೋರಿಸುವ ಆಸೆಗೆ ನಾನೇ ಒಂದು ವಾರ ಮುಂಚೆ ಇಡಿಸಿದೆ. ಸೋಮವಾರ ಭಟ್ಟಿಯವರಿಗೆ ಫೋನ್ ಮಾಡಿ, ಬುಧವಾರವೇ ಮಾಲು ಬೇಕೆಂದೆ.

"ಮುಚ್ಚಿಟ್ಟು ಎರಡು ದಿನ ಆರಬೇಕಲ್ಲ ಮೇಡಂ."

"ಹೇಗಾದ್ರೂ ಮಾಡಿ ಅಣ್ಣ."

ಮಂಗಳವಾರ ಸಂಜೆ ಶಿವಮೊಗ್ಗದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಅವರ ಫೋನ್ ಬಂತು. "ನೀರು ಚಿಮುಕಿಸಿ ಆರಿಸಿದ್ದೀವಿ ಮೇಡಂ. ಕೈಗೆ ಒಣಗೇ ಹತ್ತುತ್ತೆ. ಪುಡಿ ಮಾಡಿಸಿ ಕಳಿಸ್ಲಾ?"

"ಸರಿ ಸರಿ, ಕಳಿಸಿ," ಎಂದೆ.

ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನೀರು ಎಂಬ ಪದ ಕೇಳಿದಾಗ ಒಂದು ಕ್ಷಣ ತಡೆದಿದ್ದೆ.

ತೇವಾಂಶ ಅಳೆಯುವುದು ಕಷ್ಟದ ಕೆಲಸವಲ್ಲ. ಹತ್ತು ಗ್ರಾಂ ಪುಡಿ ತೂಗಿ, ಓವನ್ನಿನಲ್ಲಿ ಒಂದು ಗಂಟೆ ಇಟ್ಟು, ಮತ್ತೆ ತೂಗಬೇಕು. ಎಷ್ಟು ಕಡಿಮೆಯಾಯಿತೋ ಅಷ್ಟು ನೀರು. ನಮ್ಮಲ್ಲಿರುವುದು ಒಂದೇ ಓವನ್. ಆ ವಾರ ಅದರ ತುಂಬ, ಬರಲಿದ್ದ ಕಂಪನಿಯವರಿಗೆ ತೋರಿಸಬೇಕಾದ ಮಾಮೂಲಿ ಮರಳಿನ ಮಾದರಿಗಳು. ಅಲ್ಲಿಯವರೆಗೆ ಬಂದ ಚೀಲಗಳಲ್ಲೆಲ್ಲ ತೇವ ಶೇಕಡಾ ಆರರ ಆಸುಪಾಸು. ಬುಧವಾರ ಬಂದ ಚೀಲಗಳ ಎದುರು ತೇವಾಂಶದ ಕಾಲಂನಲ್ಲಿ ಎರಡು ಸಣ್ಣ ಗೀಟು ಎಳೆದೆ. ಮೇಲಿನಂತೆಯೇ ಎಂದು ಅರ್ಥ. ಗುರುವಾರ ಬೆಳಿಗ್ಗೆ ಚಾರ್ಟ್ ಬರೆಯುವಾಗ ಅದರ ಕೆಳಗೆ ಇನ್ನೆರಡು ಗೀಟು.

ಗುರುವಾರ, ಮೊದಲ ಕಲಸು. ಕೊನೆಯ ನೀರು ಹಾಕುವ ಮೊದಲು ಮೇಸ್ತ್ರಿ ಅಭ್ಯಾಸಬಲದಿಂದ ಒಂದು ಹಿಡಿ ಮರಳು ಹಿಸುಕಿದರು. ಬೆರಳು ಬಿಡಿಸಿ ಅಂಗೈ ನನಗೆ ತೋರಿಸಿದರು.

"ಮೇಡಂ, ಇದು ಆಗಲೇ ನೀರು ಕುಡಿದಿದೆ. ಅಂಟ್ತಾ ಇದೆ ನೋಡಿ. ಈ ಮಗ್ ಬೇಡ ಅನ್ಸುತ್ತೆ."

"ಬೇಡ ಮೇಸ್ತ್ರಿ, ಚಾರ್ಟಲ್ಲಿರೋದೇ ಹಾಕಿ. ಒಂದೊಂದು ಸಲ ಒಂದೊಂದು ಥರ ಮಾಡಿದ್ರೆ ಟ್ರಯಲ್‌ಗೆ ಅರ್ಥ ಇರಲ್ಲ."

"ಕೈ ಬೇರೆ ಹೇಳ್ತಿದೆ."

"ಮಾತಾಗಿತ್ತಲ್ವಾ?"

"ಆಯ್ತಪ್ಪ, ನಿಮ್ಮಿಷ್ಟ." ಮಗ್ಗಿನ ನೀರು ಹಾಕಿದರು. ಆರು ಕಲಸು, ಆರಕ್ಕೂ ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಹನಿ ಹೆಚ್ಚೂ ಹಾಕಲಿಲ್ಲ, ಕಡಿಮೆಯೂ ಹಾಕಲಿಲ್ಲ.

ಶುಕ್ರವಾರ ಅಚ್ಚು ಒಡೆದು ಎರಕ ತೆಗೆದಾಗ ಅರವತ್ತರಲ್ಲಿ ನಲವತ್ತೊಂದು ಹೋದವು. ಮೇಲ್ಮೈ ತುಂಬ ಸಾಸಿವೆ ಗಾತ್ರದ ಗುಳಿ, ಕೆಲವದರಲ್ಲಿ ಕಡಲೆಯಷ್ಟು ದೊಡ್ಡವು. ಒಳಗೆ ಸಿಕ್ಕಿಕೊಂಡ ಆವಿ ಮಾಡಿದ ತೂತುಗಳು. ಅಂಥ ಕವಚದಲ್ಲಿ ನೀರು ಸೋರುತ್ತದೆ. ಬಂದಿದ್ದ ಕಂಪನಿಯವರು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು.

ಜುಲೈ ೧೨, ಶನಿವಾರ, ಬೆಳಿಗ್ಗೆ ಏಳೂ ಮುಕ್ಕಾಲು. ಫರ್ನೇಸ್ ಮುಂದೆ ಎಲ್ಲರನ್ನೂ ನಿಲ್ಲಿಸಿದರು. ಶಾಪ್ ಸೂಪರ್‌ವೈಸರ್ ಕೈಯಲ್ಲಿ ಮೇಸ್ತ್ರಿಯ ಮಗ್.

"ಎಷ್ಟು ಸಲ ಹೇಳಿದ್ದೀನಿ ಮಾರಾಯ, ಮಗ್ ಬಿಡು ಅಂತ. ಅಂದಾಜು, ಅಂದಾಜು! ಅಂದಾಜಿನ ಫಲ ಅಲ್ಲಿ ರಾಶಿ ಬಿದ್ದಿದೆ ನೋಡು."

ಮಾಲೀಕರು ನನ್ನತ್ತ ತಿರುಗಿದರು. "ನೀವು ಎಷ್ಟು ನೀರು ಹೇಳಿದ್ರಿ?"

"ಚಾರ್ಟಿನ ಪ್ರಕಾರವೇ ಹೇಳಿದ್ದೆ ಸರ್."

"ನಾನೂ ಚಾರ್ಟಿನ ಪ್ರಕಾರವೇ ಹಾಕಿದ್ದು," ಎಂದರು ಮೇಸ್ತ್ರಿ.

ಹಿಂದಿನಿಂದ ಯಾರೋ, "ಮೂವತ್ತು ವರ್ಷದಲ್ಲಿ ಚಾರ್ಟ್ ನೋಡಿದ್ದು ಇದೇ ಮೊದಲ್ನೇ ಸಲ!" ಎಂದರು. ಎಲ್ಲರೂ ನಕ್ಕರು.

ಮೇಸ್ತ್ರಿ ನನ್ನನ್ನು ನೋಡಿದರು. ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು: ಹೌದು, ನಾನು ನೋಡಿದ್ದೇನೆ, ಚಾರ್ಟಿನಂತೆಯೇ ಹಾಕಿದರು. ಹೇಳಲಿಲ್ಲ. ಆರರಲ್ಲಿ ಒಂದು ಕಲಸಿನಲ್ಲಿ ನಾನು ಆಚೆ ನೋಡಿರಬಹುದು ಎಂದು ಆ ಹೊತ್ತಿನಲ್ಲಿ ಮನಸ್ಸು ಒಂದು ನೆಪ ಹುಡುಕಿ ಕೊಟ್ಟಿತು. ಅದನ್ನೇ ಹಿಡಿದುಕೊಂಡೆ. ಸೋಮವಾರದಿಂದ ಮೇಸ್ತ್ರಿಯನ್ನು ಫೆಟ್ಲಿಂಗಿಗೆ ಹಾಕಿದರು. ಎರಕದ ಅಂಚುಗಳನ್ನು ಗ್ರೈಂಡರಿನಲ್ಲಿ ಉಜ್ಜುವ ಜಾಗ ಅದು, ಸದ್ದು, ಧೂಳು. ಹೊಸಬರು ಕೆಲಸ ಕಲಿಯುವುದು ಅಲ್ಲಿ.

ಶನಿವಾರ ಮಧ್ಯಾಹ್ನ ಓವನ್ ಖಾಲಿ ಇತ್ತು. ಮಿಕ್ಕಿದ್ದ ಚೀಲದಿಂದ ಹತ್ತು ಗ್ರಾಂ ತೆಗೆದು ಇಟ್ಟೆ. ತೇವ ಶೇಕಡಾ ಇಪ್ಪತ್ತೇಳು. ನಂಬದೆ ಇನ್ನೆರಡು ಸಲ ಮಾಡಿದೆ. ಇಪ್ಪತ್ತಾರು. ಇಪ್ಪತ್ತೇಳು. ಅರೆ ಬೆಂದ ಚಿಪ್ಪಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕೆಂಡವಾಗಿದ್ದಾಗ ಚಿಮುಕಿಸಿದ ನೀರನ್ನು ಅದು ಒಳಗೆ ಎಳೆದುಕೊಂಡು, ಹೊರಗೆ ಒಣಗಿದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿದೆ. ನೂರು ಕೇಜಿ ಮರಳಿಗೆ ಸುಮಾರು ಎಂಟುನೂರು ಗ್ರಾಂ ಹೆಚ್ಚು ನೀರು ಬಿದ್ದಿತ್ತು, ಅಷ್ಟೂ ನನ್ನ ಚೀಲದ್ದು. ಮೇಸ್ತ್ರಿ ಬೇಡವೆಂದ ಆ ಒಂದು ಮಗ್ ಹಾಕದೇ ಇದ್ದಿದ್ದರೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು.

ಮೂರು ಅಂಕಿಯನ್ನೂ ಪುಸ್ತಕದಲ್ಲಿ ಬರೆದೆ. ಷರಾ ಕಾಲಂ ಖಾಲಿ ಬಿಟ್ಟೆ.

ಭಾನುವಾರ ರಜೆ. ಸೋಮವಾರ ಮಾಲೀಕರು ಊರಲ್ಲಿರಲಿಲ್ಲ. ಮಂಗಳವಾರ ಬಂದರು, ಆದರೆ ಫರ್ನೇಸ್ ಕೆಟ್ಟು ತಲೆಬಿಸಿಯಲ್ಲಿದ್ದರು. ಬುಧವಾರಕ್ಕೆ ನೆಪವೇ ಬೇಕಾಗಲಿಲ್ಲ. ಅಷ್ಟರಲ್ಲಿ ನಾನೊಂದು ಕೆಲಸ ಮಾಡಿದ್ದೆ. ಉಳಿದ ಪುಡಿಯನ್ನೆಲ್ಲ ಯಾರಿಗೂ ಹೇಳದೆ ಓವನ್ನಿನಲ್ಲಿ ಕಂತು ಕಂತಾಗಿ ಒಣಗಿಸಿ, ತೇವವನ್ನು ಐದಕ್ಕೆ ತಂದಿದ್ದೆ. ಮುಂದಿನ ಟ್ರಯಲ್ ಸರಿಯಾದರೆ ಹಿಂದಿನದನ್ನು ಎಲ್ಲರೂ ಮರೆಯುತ್ತಾರೆ, ಮೇಸ್ತ್ರಿಯೂ ತನ್ನಷ್ಟಕ್ಕೆ ವಾಪಸ್ ಬರುತ್ತಾರೆ ಎಂದು ನನ್ನ ಲೆಕ್ಕ.

ಜುಲೈ ೧೯, ಶನಿವಾರ. ಎರಡನೇ ಶಿಫ್ಟಿನ ಮೋಲ್ಡರ್ ಅಚ್ಚು ಹಾಕಿದರು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಚೆನ್ನ.

"ನೋಡಿದ್ರಾ?" ಎಂದರು ಸೂಪರ್‌ವೈಸರ್. "ಪುಡಿ ಅದೇ, ಮರಳು ಅದೇ. ಕೈ ಬದಲಾಯ್ತು, ಎರಕ ಬದಲಾಯ್ತು."

ಆಗ ಅರ್ಥವಾಯಿತು. ಅದುವರೆಗೆ ಮೇಸ್ತ್ರಿಯ ಮೇಲೆ ಇದ್ದದ್ದು ಅನುಮಾನ. ಅದಕ್ಕೆ ಪುರಾವೆ ಒದಗಿಸಿದವಳು ನಾನು.

ಆ ಇಪ್ಪತ್ತೊಂಬತ್ತೂ ಉಜ್ಜಲು ಹೋದದ್ದು ಮೇಸ್ತ್ರಿಯ ಬೆಂಚಿಗೇ. ಹಾಳೆ ಹಿಡಿದು ಎಣಿಸಲು ಹೋದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ನನ್ನನ್ನು ಕಂಡು ಗ್ರೈಂಡರ್ ನಿಲ್ಲಿಸಿದರು.

"ಎಣಿಸ್ಕೊಳ್ಳಿ ಮೇಡಂ."

ನಾನು ಎಣಿಸುವಷ್ಟು ಹೊತ್ತೂ ಗ್ರೈಂಡರ್ ಹಿಡಿದೇ ನಿಂತಿದ್ದರು. ಮುಗಿದ ಮೇಲೆ ಮತ್ತೆ ಶುರು ಮಾಡಿದರು.

ಜುಲೈ ೨೩, ಬುಧವಾರ. ಗಿರಣಿಗೆ ಕಳಿಸುವ ವರದಿ ಸಿದ್ಧಪಡಿಸಬೇಕಿತ್ತು. ನಲವತ್ತೊಂದು ಎರಕ ಹೋದದ್ದಕ್ಕೆ ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಸೂಪರ್‌ವೈಸರನ್ನು ಕೇಳಿದೆ. ಕೇಳಬೇಕಾದ ಅಗತ್ಯವೇ ಇರಲಿಲ್ಲ. "ಕೆಲಸಗಾರರ ಲೋಪ ಅಂತ ಹಾಕಿ," ಎಂದರು. ಟೈಪ್ ಮಾಡಿದೆ. ಪ್ರಿಂಟ್ ಒತ್ತಲು ಆಗಲಿಲ್ಲ. ಇಷ್ಟು ದಿನ ನಾನು ಮಾಡಿದ್ದು ಬರೀ ಬಾಯಿ ಮುಚ್ಚಿಕೊಂಡಿದ್ದು. ಈ ಎರಡು ಪದದ ಕೆಳಗೆ ನನ್ನ ಸಹಿ ಬೀಳಬೇಕಿತ್ತು. ಪುಸ್ತಕ ಎತ್ತಿಕೊಂಡು ಮಾಲೀಕರ ಕೋಣೆಗೆ ಹೋದೆ.

ಗೀಟುಗಳನ್ನು ತೋರಿಸಿದೆ, ಇಪ್ಪತ್ತೇಳನ್ನು ತೋರಿಸಿದೆ. ಭಟ್ಟಿಯವರ ಫೋನ್, ಮೇಸ್ತ್ರಿ ಅಂಗೈ ತೋರಿಸಿದ್ದು, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವತ್ತು ಗೊತ್ತಾಯ್ತು?"

"ಹನ್ನೆರಡನೇ ತಾರೀಖು ಸರ್."

"ಇವತ್ತು?"

"ಇಪ್ಪತ್ಮೂರು."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಆಯ್ತು. ನಾಳೆಯಿಂದ ಮೇಸ್ತ್ರೀನ ಮತ್ತೆ ಅಚ್ಚಿನ ಲೈನಿಗೆ ಹಾಕ್ತೀನಿ. ಇದ್ದಿಲು ಒದ್ದೆ ಇತ್ತು ಅಂತ ವರದೀಲಿ ಬರೀರಿ. ಮಿಕ್ಕಿದ್ದು ಈ ರೂಮಲ್ಲೇ ಇರಲಿ. ನಿಮಗೂ ಒಳ್ಳೇದು."

ಆ ಮಧ್ಯಾಹ್ನ ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಊಟ ಮಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಮೇಸ್ತ್ರಿ ಲೈನಿಗೆ ಬರಲಿಲ್ಲ. ಸೂಪರ್‌ವೈಸರ್ ಕರೆದರೆ, "ನನಗೆ ಫೆಟ್ಲಿಂಗೇ ಆಯ್ತು" ಎಂದರಂತೆ. ಶುಕ್ರವಾರವೂ ಅದೇ. ಭಾನುವಾರ ಬಸ್ಸು ಹತ್ತಿ ಜನ್ನಾಪುರದ ಮೇಸ್ತ್ರಿಯ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. "ಬಾಮ್ಮಾ, ಕೂತ್ಕೋ. ಕಾಪಿ ಕುಡೀತೀಯಾ?" ಎಂದರು. ಒಳಗೆ ಹೋಗಿ ತಮಿಳಿನಲ್ಲಿ ಏನೋ ಹೇಳಿದ್ದು ಕೇಳಿಸಿತು. ಮೇಸ್ತ್ರಿ ಬನಿಯನ್ ಮೇಲೆ ಅಂಗಿ ಹಾಕಿಕೊಳ್ಳುತ್ತ ಬಂದರು.

ಹೇಳಬೇಕಾದ್ದನ್ನು ಹೇಳಿದೆ. ಮುಗಿಸಿ, "ತಪ್ಪಾಯ್ತು ಮೇಸ್ತ್ರಿ, ಮಾಲೀಕರಿಗೆ ಎಲ್ಲಾ ಹೇಳಿದ್ದೀನಿ," ಎಂದೆ.

"ಎಲ್ಲಿ ಹೇಳಿದ್ರಿ?"

"ಅವರ ರೂಮಲ್ಲಿ."

"ನನಗೆ ಅಂದಿದ್ದು ಎಲ್ಲಿ?"

ಉತ್ತರವನ್ನೂ ಅವರೇ ಕೊಟ್ಟರು.

"ಫರ್ನೇಸ್ ಮುಂದೆ. ನನ್ನ ಮಗ್ ಎತ್ತಿ ಹಿಡಿದು ತೋರಿಸಿದ್ರು. ನಾನೇ ಕೆಲಸ ಕಲಿಸಿದೋರು ನಕ್ಕರು. ಈಗ ಸುಮ್ನೆ ಲೈನಿಗೆ ವಾಪಸ್ ಬಂದ್ರೆ ಏನಂತಾರೆ ಗೊತ್ತಾ? ಪಾಪ, ವಯಸ್ಸಾಗಿದೆ, ಮಾಲೀಕರು ಕ್ಷಮಿಸಿದ್ರು ಅಂತಾರೆ." ಅವರ ದನಿ ಏರಲಿಲ್ಲ. "ಕ್ಷಮಿಸೋಕೆ ನಾನೇನ್ ಮಾಡಿದ್ದೆ ಮೇಡಂ?"

ಹೆಂಡತಿ ಕಾಫಿ ತಂದಿಟ್ಟರು. ಇಬ್ಬರೂ ಮುಟ್ಟಲಿಲ್ಲ.

"ನೀವು ಓದಿದೋರು. ನಿಮ್ಮ ಹೆಸರು ಪೇಪರಲ್ಲಿರುತ್ತೆ, ಎಲ್ಲಿ ಹೋದ್ರೂ ಜೊತೇಲೆ ಬರುತ್ತೆ. ನನ್ನ ಹೆಸರು ಇರೋದು ಆ ಶೆಡ್ಡಲ್ಲಿ, ಆ ನಲವತ್ತು ಜನರ ಬಾಯಲ್ಲಿ. ಹೇಳೋದಾದ್ರೆ ಅಲ್ಲಿ ಹೇಳಿ. ಇಲ್ಲಾಂದ್ರೆ ಕಾಪಿ ಕುಡಿದು ಹೋಗಿ, ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಸುಳ್ಳು.

ಜುಲೈ ೨೮, ಸೋಮವಾರ, ಏಳೂ ಮುಕ್ಕಾಲು. ಹಾಜರಿ ಮುಗಿದ ಮೇಲೆ ಒಂದು ನಿಮಿಷ ನಿಲ್ಲಿ ಎಂದೆ. ಮಾಲೀಕರನ್ನು ಕೇಳಿರಲಿಲ್ಲ. ಮೇಸ್ತ್ರಿ ಫೆಟ್ಲಿಂಗಿನವರ ಜೊತೆ ಹಿಂದೆ ನಿಂತಿದ್ದರು. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಮಡಿಸಿಟ್ಟು ಬಾಯಲ್ಲೇ ಹೇಳಿದೆ.

"ಹತ್ತನೇ ತಾರೀಖಿನ ಎರಕ ಹೋಗಿದ್ದು ಮೇಸ್ತ್ರಿಯಿಂದ ಅಲ್ಲ. ಇದ್ದಿಲಿನ ಒಳಗೆ ನೀರಿತ್ತು. ನಾನು ಅಳೆಯಲಿಲ್ಲ, ಅಳೆದ ಹಾಗೆ ಬರೆದೆ. ಮರಳು ಒದ್ದೆ ಇದೆ ಅಂತ ಮೇಸ್ತ್ರಿ ಹೇಳಿದ್ರು, ನಾನು ಕೇಳಲಿಲ್ಲ. ಅವರು ಚಾರ್ಟಿನಂತೆಯೇ ನೀರು ಹಾಕಿದ್ದನ್ನ ಕಣ್ಣಾರೆ ನೋಡಿದ್ದೆ. ಹನ್ನೆರಡನೇ ತಾರೀಖು ಇಲ್ಲೇ ನಿಂತಿದ್ದೆ, ಹೇಳಲಿಲ್ಲ."

ಸೂಪರ್‌ವೈಸರ್, "ಹಂಗಾದ್ರೆ ಇದು ಆ ಭಟ್ಟಿಯವನ ತಪ್ಪು," ಎಂದರು. ಆ ಬಾಗಿಲೂ ತೆರೆದಿತ್ತು. ಭಟ್ಟಿಯವರು ಅಲ್ಲಿರಲಿಲ್ಲ, ನಾನು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಅಲ್ಲ ಸರ್. ಅವರು ಫೋನಲ್ಲಿ ಹೇಳಿದ್ರು. ಅವಸರ ಮಾಡಿದ್ದೂ ನಾನೇ."

"ಸರಿ, ಸರಿ. ಕೆಲಸಕ್ಕೆ ಹೋಗ್ರೋ," ಎಂದು ಅವರು ತಿರುಗಿಕೊಂಡರು. ಆವತ್ತು ನಕ್ಕಿದ್ದವರಲ್ಲೊಬ್ಬ ಮೇಸ್ತ್ರಿಯ ಹತ್ತಿರ ಹೋಗಿ, "ಬಾರಣ್ಣ, ನೀನಿಲ್ದೆ ನಮ್ಮ ಕಡೆ ಮರಳು ಮುನಿಸ್ಕೊಂಡಿದೆ," ಎಂದ. ಮೇಸ್ತ್ರಿ ನಗಲಿಲ್ಲ. ಆದರೆ ಮೂಗಿನ ಬಟ್ಟೆ ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡು, ಅಚ್ಚಿನ ಕಡೆ ನಡೆದರು.

ಮಾಲೀಕರು ಕರೆಸಿ, "ನನ್ನನ್ನು ಒಂದು ಮಾತು ಕೇಳಬೇಕಿತ್ತು," ಎಂದರು. ನನ್ನ ಪ್ರೊಬೇಷನ್ ಅನ್ನು ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಿದರು. ಟ್ರಯಲ್ ನಿಲ್ಲಿಸಲಿಲ್ಲ. ಕಲ್ಲಿದ್ದಲಿನ ಅರ್ಧದಷ್ಟಕ್ಕೆ ಬದಲಾಗಿ ಚಿಪ್ಪಿನ ಪುಡಿ ಹಾಕಬಹುದು ಎಂಬಲ್ಲಿಗೆ ಈಗ ಬಂದು ನಿಂತಿದ್ದೇವೆ. ನೀರು ಹಾಕಿ ಆರಿಸಿದ ಮಾಲನ್ನು ತೆಗೆದುಕೊಳ್ಳುವುದಿಲ್ಲ. ಚಾರ್ಟಿನಲ್ಲಿ ಒಂದು ಕಾಲಂ ಹೆಚ್ಚಾಗಿದೆ: ಕೈಗೆ ಹೇಗಿದೆ. ಅದನ್ನು ತುಂಬುವುದು ಮೋಲ್ಡರ್.

ಮೇಸ್ತ್ರಿ ಮಾತ್ರ ನನ್ನ ಟ್ರಯಲ್ಲಿಗೆ ಬರಲಿಲ್ಲ. "ಲೈನ್ ಕೆಲಸ ಎಷ್ಟಾದ್ರೂ ಕೊಡಿ. ಅದು ಬೇಡ," ಎಂದು ಸೂಪರ್‌ವೈಸರಿಗೆ ಹೇಳಿದ್ದರು. ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾರೆ. ಕಾಫಿಪುಡಿಯ ಮಾತು ಮತ್ತೆ ಬಂದಿಲ್ಲ.

ಆಗಸ್ಟ್ ೨೧ಕ್ಕೆ ಅರವತ್ತು ಅಚ್ಚಿನ ಟ್ರಯಲ್ ಮತ್ತೆ ಮಾಡಿದೆವು. ಐವತ್ತೊಂಬತ್ತು ಚೆನ್ನ. ಮಾರನೇ ದಿನ ಅದರಲ್ಲಿ ಒಂದನ್ನು ಎತ್ತಿಕೊಂಡು ಮೇಸ್ತ್ರಿ ಇದ್ದಲ್ಲಿಗೆ ಹೋದೆ. ಏನು ನಿರೀಕ್ಷಿಸಿದ್ದೆ ಎಂದು ಬರೆದಿಡಲು ಆಗ ಧೈರ್ಯವಾಗಲಿಲ್ಲ. ಅವರು ಕೈಯ ಮರಳು ಒರೆಸಿಕೊಂಡು ಕವಚವನ್ನು ತೆಗೆದುಕೊಂಡರು. ಬೆಳಕಿಗೆ ತಿರುಗಿಸಿದರು. ಒಳಮೈಯಲ್ಲಿ ಹೆಬ್ಬೆರಳು ಆಡಿಸಿದರು.

"ಚೆನ್ನಾಗಿದೆ," ಎಂದರು. "ಯಾರು ಹಾಕಿದ್ದು?"

ಎರಡನೇ ಶಿಫ್ಟಿನ ಮೋಲ್ಡರ್ ಎಂದೆ.

"ಅವನಿಗೆ ಹೇಳಿದ್ರಾ?"

"ಇಲ್ಲ."

ಕವಚವನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ಹೋಗಿ ಹೇಳಿ. ಎಲ್ಲರಿಗೂ ಕೇಳೋ ಹಂಗೆ ಹೇಳಿ."

ಎರಡನೇ ಶಿಫ್ಟ್ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಗೇಟಿನ ಹತ್ತಿರ ಹೋಗಿ ನಿಂತೆ.